ಹತ್ತು ಸಾವಿರ ಪತ್ರ, ಒಂದು ಕ್ಷಮಾಪಣೆ

1990ರ ಸೆಪ್ಟೆಂಬರ್ 9, ಭಾನುವಾರ. ಅಮೆರಿಕದ ನೂರಾರು ದಿನಪತ್ರಿಕೆಗಳ ಜೊತೆಗೆ ಎಂದಿನಂತೆ 'ಪರೇಡ್' ಎಂಬ ಸಾಪ್ತಾಹಿಕ ಪುರವಣಿಯೂ ಮನೆಮನೆ ತಲುಪಿತು. ನೀವೀಗ ಕೈಯಲ್ಲಿ ಹಿಡಿದಿರುವಂಥದ್ದೇ ಒಂದು ಪುರವಣಿ ಅನ್ನಿ. ಅದರಲ್ಲಿ 1986ರಿಂದ ಒಬ್ಬ ಮಹಿಳೆ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಹೆಸರು ಮ್ಯಾರಿಲಿನ್ ವೊಸ್ ಸಾವಂಟ್. ಜಗತ್ತಿನಲ್ಲೇ ಅತಿ ಹೆಚ್ಚು ಬುದ್ಧ್ಯಂಕ ಉಳ್ಳವರೆಂದು ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಹೆಸರು ಪಡೆದಿದ್ದವರು. ಬುದ್ಧ್ಯಂಕ ಎಂಬ ಅಳತೆಗೋಲಿನ ಬಗ್ಗೆ ಈ ಲೇಖಕನಿಗೆ ಅಂಥ ಭಕ್ತಿಯೇನೂ ಇಲ್ಲ, ಅದಿರಲಿ. ಒಗಟು ಬಿಡಿಸುವುದನ್ನೇ ಹವ್ಯಾಸ ಮಾಡಿಕೊಂಡ ದೊಡ್ಡದೊಂದು ಓದುಗ ಬಳಗ ಆ ಅಂಕಣದ ಸುತ್ತ ಬೆಳೆದಿತ್ತು. ಶಾಲಾ ಮಕ್ಕಳು, ಮೇಷ್ಟ್ರುಗಳು, ಡಾಕ್ಟರುಗಳು, ವಿಶ್ವವಿದ್ಯಾನಿಲಯದ ಪ್ರೊಫೆಸರುಗಳು ಎಲ್ಲರೂ ಅದರಲ್ಲಿದ್ದರು.

ಆ ವಾರ ಓದುಗರೊಬ್ಬರು ಕಳಿಸಿದ್ದ ಪ್ರಶ್ನೆಯ ಸಾರಾಂಶ ಇಷ್ಟು:

ಒಂದು ಟೀವಿ ಸ್ಪರ್ಧೆ. ನಿಮ್ಮೆದುರು ಮುಚ್ಚಿದ ಮೂರು ಬಾಗಿಲುಗಳಿವೆ. ಒಂದರ ಹಿಂದೆ ಹೊಸ ಕಾರು, ಉಳಿದೆರಡರ ಹಿಂದೆ ಒಂದೊಂದು ಮೇಕೆ. ನೀವು ಒಂದನೆಯ ಬಾಗಿಲನ್ನು ಆರಿಸಿಕೊಂಡಿರಿ. ಅದನ್ನು ಇನ್ನೂ ತೆರೆದಿಲ್ಲ. ಯಾವುದರ ಹಿಂದೆ ಏನಿದೆ ಎಂಬುದು ಕಾರ್ಯಕ್ರಮ ನಡೆಸುವವನಿಗೆ ಗೊತ್ತು. ಅವನು ಮೂರನೆಯ ಬಾಗಿಲು ತೆರೆದು ಅಲ್ಲಿರುವ ಮೇಕೆಯನ್ನು ತೋರಿಸುತ್ತಾನೆ. ಆಮೇಲೆ, 'ಬೇಕಾದರೆ ನಿಮ್ಮ ಆಯ್ಕೆಯನ್ನು ಎರಡನೆಯ ಬಾಗಿಲಿಗೆ ಬದಲಾಯಿಸಿಕೊಳ್ಳಬಹುದು' ಎನ್ನುತ್ತಾನೆ. ಬದಲಾಯಿಸಿದರೆ ಲಾಭವುಂಟೆ?

ಮುಂದೆ ಓದುವ ಮೊದಲು ಒಂದು ಗಳಿಗೆ ಯೋಚಿಸಿ. ಉಳಿದದ್ದು ಎರಡು ಬಾಗಿಲು, ಒಂದು ಕಾರು. ಅರ್ಧಕ್ಕರ್ಧ. ಬದಲಾಯಿಸಿದರೂ ಒಂದೇ, ಬಿಟ್ಟರೂ ಒಂದೇ. ಹಾಗೆ ಅನ್ನಿಸಿತಲ್ಲವೆ? ಹತ್ತರಲ್ಲಿ ಒಂಬತ್ತು ಜನಕ್ಕೆ ಹಾಗೆಯೇ ಅನ್ನಿಸುತ್ತದೆ.

ಮ್ಯಾರಿಲಿನ್ ಕೊಟ್ಟ ಉತ್ತರ ಬೇರೆ. ಬದಲಾಯಿಸಿ, ಮೊದಲ ಬಾಗಿಲಿಗೆ ಅಂಟಿಕೊಂಡರೆ ಗೆಲ್ಲುವ ಸಾಧ್ಯತೆ ಮೂರರಲ್ಲಿ ಒಂದು, ಬದಲಾಯಿಸಿದರೆ ಮೂರರಲ್ಲಿ ಎರಡು ಎಂದು ಅವರು ಬರೆದರು.

ಪತ್ರಗಳ ಮಳೆ

ಮರುವಾರದಿಂದ ಅಂಚೆಯಲ್ಲಿ ಪತ್ರಗಳು ಸುರಿಯತೊಡಗಿದವು. ಒಟ್ಟು ಸುಮಾರು ಹತ್ತು ಸಾವಿರ. ಅದರಲ್ಲಿ ಸಾವಿರದಷ್ಟು ಪತ್ರಗಳ ಕೆಳಗೆ ಸಹಿಯ ಜೊತೆ ಪಿಎಚ್.ಡಿ. ಎಂಬ ಅಕ್ಷರಗಳೂ ಇದ್ದವು. ಸಾಮಾನ್ಯ ಓದುಗರ ಪತ್ರಗಳಲ್ಲಿ ಶೇಕಡಾ 92, ವಿಶ್ವವಿದ್ಯಾನಿಲಯಗಳಿಂದ ಬಂದವುಗಳಲ್ಲಿ ಶೇಕಡಾ 65 ತಮ್ಮ ಉತ್ತರಕ್ಕೆ ವಿರುದ್ಧವಾಗಿವೆ ಎಂದು ಮ್ಯಾರಿಲಿನ್ ಅವರೇ ಅಂಕಣದಲ್ಲಿ ಲೆಕ್ಕ ಕೊಟ್ಟರು.

ವಿರುದ್ಧವಾಗಿದ್ದರೆ ಅದರಲ್ಲಿ ತಪ್ಪೇನಿಲ್ಲ. ಗಣಿತದಲ್ಲಿ ಭಿನ್ನಾಭಿಪ್ರಾಯ ಬಂದರೆ ಕುಳಿತು ಲೆಕ್ಕ ಹಾಕಿದರಾಯಿತು. ಆದರೆ ಈ ಪತ್ರಗಳಲ್ಲಿ ಲೆಕ್ಕಕ್ಕಿಂತ ಬೈಗುಳವೇ ಹೆಚ್ಚಾಗಿತ್ತು. ಒಬ್ಬ ಪ್ರಾಧ್ಯಾಪಕ ಆ ಮೇಕೆ ನೀವೇ ಎಂದು ಬರೆದ. ನಾವು ಪೆದ್ದನನ್ನು ಕುರಿ ಎನ್ನುತ್ತೇವಲ್ಲ, ಹಾಗೆ. ನಿಮ್ಮ ಮನಸ್ಸು ಬದಲಾಗಲು ಇನ್ನೆಷ್ಟು ಮಂದಿ ಗಣಿತಜ್ಞರು ಸಿಟ್ಟಾಗಬೇಕು ಎಂದು ಇನ್ನೊಬ್ಬರು ಕೇಳಿದರು. ಹೆಂಗಸರು ಗಣಿತವನ್ನು ನೋಡುವ ರೀತಿಯೇ ಬೇರೆ ಇರಬೇಕು ಎಂದು ಮತ್ತೊಬ್ಬ ಮಹಾಶಯ ಕುಟುಕಿದ. ದೇಶದಲ್ಲಿ ಗಣಿತದ ಅಜ್ಞಾನ ಈಗಾಗಲೇ ಸಾಕಷ್ಟಿದೆ, ಅದನ್ನು ಇನ್ನಷ್ಟು ಹರಡಬೇಡಿ ಎಂಬ ಬುದ್ಧಿವಾದವಂತೂ ಹತ್ತಾರು ಪತ್ರಗಳಲ್ಲಿತ್ತು.

ಅವುಗಳ ನಡುವೆ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕರೊಬ್ಬರ ಪತ್ರವೂ ಇತ್ತು. ನೀವು ಪೂರ್ತಿ ಎಡವಿದ್ದೀರಿ ಎನ್ನುವುದರಿಂದ ಅದು ಆರಂಭವಾಗಿತ್ತು. ವೃತ್ತಿಯಿಂದ ಗಣಿತಜ್ಞನಾದ ತನಗೆ ಜನಸಾಮಾನ್ಯರ ಗಣಿತ ಜ್ಞಾನದ ಬಗ್ಗೆ ಬಹಳ ಕಳವಳವಿದೆ, ಆದ್ದರಿಂದ ದಯವಿಟ್ಟು ತಪ್ಪೊಪ್ಪಿಕೊಳ್ಳಿ, ಮುಂದೆ ಎಚ್ಚರವಾಗಿರಿ ಎಂದು ಅವರು ಬರೆದಿದ್ದರು. ಈ ಪ್ರಾಧ್ಯಾಪಕರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಲೆಕ್ಕ ಹೇಗೆ?

ಉತ್ತರ ಸರಿಯೆ? ಸರಿ. ಹೇಗೆಂದು ನೋಡೋಣ.

ನೀವು ಯಾವಾಗಲೂ ಒಂದನೆಯ ಬಾಗಿಲನ್ನೇ ಆರಿಸುತ್ತೀರಿ ಎಂದುಕೊಳ್ಳಿ. ಕಾರು ಒಂದರ ಹಿಂದೆಯೇ ಇದ್ದರೆ, ಬದಲಾಯಿಸಿದವರು ಸೋಲುತ್ತಾರೆ. ಕಾರು ಎರಡರ ಹಿಂದೆ ಇದ್ದರೆ, ನಡೆಸುವವನು ಮೂರನ್ನೇ ತೆರೆಯಬೇಕು, ಬೇರೆ ದಾರಿಯಿಲ್ಲ. ಬದಲಾಯಿಸಿದವರಿಗೆ ಎರಡನೆಯದು ಸಿಗುತ್ತದೆ, ಗೆದ್ದರು. ಕಾರು ಮೂರರ ಹಿಂದೆ ಇದ್ದರೆ ಅವನು ಎರಡನ್ನೇ ತೆರೆಯಬೇಕು. ಬದಲಾಯಿಸಿದವರಿಗೆ ಮೂರನೆಯದು, ಮತ್ತೆ ಗೆದ್ದರು. ಮೂರು ಸಂದರ್ಭಗಳಲ್ಲಿ ಎರಡರಲ್ಲಿ ಗೆಲುವು. ಇಷ್ಟೇ.

ಮನಸ್ಸು ಒಪ್ಪುವುದಿಲ್ಲ, ಗೊತ್ತು. ಮ್ಯಾರಿಲಿನ್ ತಮ್ಮ ಮೊದಲ ಉತ್ತರದಲ್ಲೇ ಇದಕ್ಕೊಂದು ಮದ್ದು ಕೊಟ್ಟಿದ್ದರು. ಮೂರರ ಬದಲು ಹತ್ತು ಲಕ್ಷ ಬಾಗಿಲುಗಳಿವೆ ಎಂದುಕೊಳ್ಳಿ. ನೀವು ಒಂದನೆಯದನ್ನು ಹಿಡಿದಿರಿ. ಎಲ್ಲ ಗೊತ್ತಿರುವ ಆ ಮನುಷ್ಯ ಉಳಿದವುಗಳನ್ನೆಲ್ಲ ಪಟಪಟನೆ ತೆರೆಯುತ್ತಾ ಹೋಗಿ 7,77,777ನೆಯ ಬಾಗಿಲನ್ನು ಮಾತ್ರ ಮುಚ್ಚಿಯೇ ಬಿಟ್ಟ. ಈಗಲೂ ಅರ್ಧಕ್ಕರ್ಧ ಎನ್ನುತ್ತೀರಾ? ಅವನು ಆ ಒಂದನ್ನು ಯಾಕೆ ಬಿಟ್ಟ? ಅವನಿಗೆ ಗೊತ್ತಿದೆ ಎಂಬ ಸಂಗತಿಯಲ್ಲೇ ಒಗಟಿನ ಗುಟ್ಟೆಲ್ಲ ಅಡಗಿದೆ. ಬಾಗಿಲು ತೆರೆದಾಗ ಅವನು ನಿಮ್ಮ ಬಾಗಿಲಿನ ಬಗ್ಗೆ ಏನೂ ಹೇಳಲಿಲ್ಲ, ಉಳಿದವುಗಳ ಬಗ್ಗೆ ಹೇಳಿದ.

ಈ ಒಗಟು ಹೊಸದೂ ಆಗಿರಲಿಲ್ಲ. ಸ್ಟೀವ್ ಸೆಲ್ವಿನ್ ಎಂಬ ಸಂಖ್ಯಾಶಾಸ್ತ್ರಜ್ಞ 1975ರಲ್ಲೇ ಒಂದು ವಿದ್ವತ್ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ತೋರಿಸಿದ್ದರು. 'ಲೆಟ್ಸ್ ಮೇಕ್ ಎ ಡೀಲ್' ಎಂಬ ಟೀವಿ ಕಾರ್ಯಕ್ರಮ ನಡೆಸುತ್ತಿದ್ದ ಮಾಂಟಿ ಹಾಲ್ ಅವರ ಹೆಸರನ್ನು ಇದಕ್ಕೆ ಇಟ್ಟವರೂ ಅವರೇ. ಇನ್ನೂ ಹಿಂದೆ, 1959ರಲ್ಲಿ ಮಾರ್ಟಿನ್ ಗಾರ್ಡ್‌ನರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಮೂವರು ಕೈದಿಗಳ ಕಥೆಯಾಗಿ ಇದೇ ಲೆಕ್ಕವನ್ನು ಕೊಟ್ಟಿದ್ದರು. ಬೈದು ಬರೆದ ಸಾವಿರ ಪಿಎಚ್.ಡಿ.ಗಳು ಗ್ರಂಥಾಲಯದ ತನಕ ನಡೆದುಹೋಗಿದ್ದರೆ ಸಾಕಿತ್ತು.

ಮ್ಯಾರಿಲಿನ್ ಜಗ್ಗಲಿಲ್ಲ. ಬೈಗುಳಕ್ಕೆ ಬೈಗುಳವನ್ನೂ ಬರೆಯಲಿಲ್ಲ. ಬಂದ ಪತ್ರಗಳಲ್ಲಿ ಕೆಲವನ್ನು ಬರೆದವರ ಹೆಸರು, ಸಂಸ್ಥೆ ಸಮೇತ ಅಚ್ಚು ಹಾಕಿಸಿದರು. (ಅದೂ ಒಂದು ಬಗೆಯ ಉತ್ತರವೇ!) ನಂತರ 1991ರ ಫೆಬ್ರುವರಿಯಲ್ಲಿ ದೇಶದ ಗಣಿತ ತರಗತಿಗಳಿಗೆಲ್ಲ ಒಂದು ಕರೆ ಕೊಟ್ಟರು. ಮೂರು ಕಾಗದದ ಲೋಟ, ಒಂದು ನಾಣ್ಯ ತೆಗೆದುಕೊಳ್ಳಿ, ಇಬ್ಬರು ಆಡಿ, ನೂರಾರು ಸಲ ಆಡಿ, ಫಲಿತಾಂಶ ಬರೆದಿಡಿ ಎಂದರು. ವಾದದಲ್ಲಿ ಬಗೆಹರಿಯದ್ದನ್ನು ಪ್ರಯೋಗಕ್ಕೆ ಒಪ್ಪಿಸುವ ಈ ಹಾದಿಯನ್ನು ಮೊದಲೇ ಹಿಡಿದಿದ್ದರೆ ಎಷ್ಟೋ ಅಂಚೆಚೀಟಿ ಉಳಿಯುತ್ತಿತ್ತು.

ನಮ್ಮ ತರಗತಿಯಲ್ಲಿ

ಈ ಪ್ರಯೋಗವನ್ನು ನಾನು ಒಂಬತ್ತನೆಯ ತರಗತಿಗೆ ಹಲವು ವರ್ಷಗಳಿಂದ ಮಾಡಿಸುತ್ತಿದ್ದೇನೆ. ಮೂರು ಸ್ಟೀಲ್ ಲೋಟ, ಒಂದು ಹುಣಸೆ ಬೀಜ. ಖರ್ಚಿಲ್ಲ. ಒಂದು ವರ್ಷ ನಡೆದದ್ದನ್ನು ಇಲ್ಲಿ ಹೇಳಬೇಕು.

ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಅಷ್ಟಾಗಿ ಬಾಯಿ ಬಿಡದವಳು, ಎದ್ದು ನಿಂತು 'ಬದಲಾಯಿಸಬೇಕು ಸಾರ್' ಎಂದಳು. ಕಾರಣವನ್ನು ಪೂರ್ತಿ ಹೇಳಲು ಅವಳಿಗೆ ಆಗಲಿಲ್ಲ. ತರಗತಿಗೆ ಮೊದಲು ಬರುವ ಹುಡುಗ ತಿರುಗಿ ನೋಡಿ, 'ಏಯ್, ಒಂದಕ್ಕೆ ಎರಡು ಅಂದ್ರೆ ಅರ್ಧ ಅನ್ನೋದೂ ಬರಲ್ವಾ ನಿಂಗೆ? ಕೂತ್ಕೋ' ಎಂದ. ಇಡೀ ತರಗತಿ ನಕ್ಕಿತು. ಅವಳು ಕುಳಿತಳು.

ಆಮೇಲೆ ಇಬ್ಬಿಬ್ಬರನ್ನು ಕೂರಿಸಿ ಲೋಟಗಳನ್ನು ಕೊಟ್ಟೆ. ಅರ್ಧ ಗಂಟೆಯಲ್ಲಿ ಬೋರ್ಡಿನ ಮೇಲಿನ ಗೀಟುಗಳು ತಾವೇ ಮಾತಾಡತೊಡಗಿದವು. ಬದಲಾಯಿಸಿದವರ ಗೆಲುವು ಮೂರರಲ್ಲಿ ಎರಡು ಪಾಲಿನ ಹತ್ತಿರಕ್ಕೆ ಬಂದು ನಿಂತಿತು. ಗಂಟೆ ಹೊಡೆದ ಮೇಲೆ ಆ ಹುಡುಗ ಮೆಟ್ಟಿಲ ಹತ್ತಿರ ಹುಡುಗಿಗೆ ಅತ್ತಿತ್ತ ನೋಡಿಕೊಂಡು 'ಸಾರಿ' ಅಂದದ್ದು ನನ್ನ ಕಿವಿಗೂ ಬಿತ್ತು. ಒಳ್ಳೆಯದೇ. ಆದರೆ ಮಾರನೆಯ ದಿನವೂ, ಅದರ ಮಾರನೆಯ ದಿನವೂ ಅವಳು ಕೈ ಎತ್ತಲಿಲ್ಲ. ನಕ್ಕವರು ನಲವತ್ತು ಜನ, ಸಾರಿ ಕೇಳಿಸಿದ್ದು ಒಬ್ಬಳಿಗೆ.

ಹುಡುಗನನ್ನು ಕರೆದು ಅಷ್ಟನ್ನೇ ಹೇಳಿದೆ. 'ನೀನು ಅಂದದ್ದು ಎಲ್ಲರೆದುರು. ವಾಪಸು ತಗೊಳ್ಳೋದೂ ಎಲ್ಲರೆದುರೇ ಆದರೆ ಚೆಂದ, ಯೋಚನೆ ಮಾಡು.' ಬಲವಂತ ಮಾಡಲಿಲ್ಲ. ಮೇಷ್ಟ್ರು ಕಿವಿ ಹಿಂಡಿ ಹೇಳಿಸಿದ ಕ್ಷಮೆ ಮಗ್ಗಿ ಒಪ್ಪಿಸಿದ ಹಾಗೆ, ಅರ್ಥ ಇರುವುದಿಲ್ಲ. ಎರಡು ದಿನ ಬಿಟ್ಟು ಅವನ ತಂದೆ ಶಾಲೆಗೆ ಬಂದರು.

'ಏನ್ ಸಾರ್, ನಮ್ಮ ಹುಡುಗ ಯಾವಾಗಲೂ ಫಸ್ಟ್ ಬರೋನು. ಎಲ್ಲರ ಮುಂದೆ ನಿಲ್ಲಿಸಿ ತಪ್ಪಾಯ್ತು ಅನ್ನಿಸಿದರೆ ನಾಳೆ ಯಾರು ಅವನಿಗೆ ಮರ್ಯಾದೆ ಕೊಡ್ತಾರೆ?'

ಮಗನ ಮೇಲಿನ ಪ್ರೀತಿಯಿಂದಲೇ ಅವರು ಹಾಗೆಂದರು. ಅವರನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ, ಮೂರು ಲೋಟ ಇಟ್ಟು, ಆಡಲು ಹೇಳಿದೆ. ಅವರೂ ಮೊದಲು ಅರ್ಧಕ್ಕರ್ಧ ಎಂದರು! ಹತ್ತಿಪ್ಪತ್ತು ಸಲ ಆಡಿದ ಮೇಲೆ ನಗತೊಡಗಿದರು. ಆಗ ಜಾರ್ಜ್ ಮೇಸನ್ ಪ್ರಾಧ್ಯಾಪಕರ ಕಥೆಯನ್ನು ಹೇಳಿದೆ. ನಿಮಗೂ ಅದನ್ನು ಹೇಳಬೇಕಲ್ಲ.

ಪ್ರಾಧ್ಯಾಪಕರ ಎರಡನೆಯ ಪತ್ರ

ಮ್ಯಾರಿಲಿನ್ ಕರೆಗೆ ಶಾಲೆಗಳು ಓಗೊಟ್ಟವು. ಮಕ್ಕಳು ಲೋಟ ಮಗುಚಿ ಮಗುಚಿ ಎಣಿಸಿದರು. ಲಾಸ್ ಅಲಮಾಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಇಬ್ಬರು ಬೇರೆಬೇರೆಯಾಗಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಹತ್ತು ಲಕ್ಷ ಸಲ ಆಡಿಸಿದರು. ಬದಲಾಯಿಸಿದವರ ಗೆಲುವು ಶೇಕಡಾ 66.7. ಇದಕ್ಕೆ ಕಂಪ್ಯೂಟರ್ ತೆಗೆದುಕೊಂಡ ಸಮಯ ಒಂದು ಸೆಕೆಂಡಿಗಿಂತ ಕಡಿಮೆ. ಕ್ಯಾಲಿಫೋರ್ನಿಯಾದ ಒಬ್ಬ ಡಾಕ್ಟರು, ನಿಮ್ಮದು ತಪ್ಪೆಂದೇ ನಂಬಿ ಪ್ರಯೋಗಕ್ಕೆ ಕುಳಿತೆ, ನಾಣ್ಯದ ಬದಲು ಲೋಟದಡಿ ಆಸ್ಪಿರಿನ್ ಮಾತ್ರೆ ಇಟ್ಟೆ, ಕೊನೆಯಲ್ಲಿ ಅದನ್ನು ನುಂಗಬೇಕಾಗಿ ಬರಬಹುದೆಂಬ ಅಂದಾಜಿತ್ತು ಎಂದು ತಮಾಷೆಯಾಗಿ ಬರೆದು ಸೋಲೊಪ್ಪಿಕೊಂಡರು. ಇದೂ ಕ್ಷಮೆಯೇ. ನಗುವುದಾದರೆ ತಮ್ಮನ್ನೇ ನೋಡಿ ನಗಬೇಕು ಎಂಬುದು ಆ ಡಾಕ್ಟರಿಗೆ ತಿಳಿದಿತ್ತು.

ಇನ್ನು ನಮ್ಮ ಪ್ರಾಧ್ಯಾಪಕರು. 1991ರ ಜುಲೈ 21ರಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಈ ಜಗಳವನ್ನು ಮುಖಪುಟದಲ್ಲಿ ಪ್ರಕಟಿಸಿತು. ತನ್ನ ಬಾಯಿಂದ ಬಂದ ಮಾತನ್ನು ತಾನೇ ನುಂಗುತ್ತಿದ್ದೇನೆ ಎಂಬರ್ಥದ ಎರಡನೆಯ ಪತ್ರವನ್ನು ಮ್ಯಾರಿಲಿನ್‌ಗೆ ಬರೆದಿದ್ದಾಗಿ ಅವರು ಆ ವರದಿಗಾರನಿಗೆ ಹೇಳಿದರು. ವೃತ್ತಿಯಲ್ಲಿ ತನಗಿದು ದೊಡ್ಡ ಮುಜುಗರ ಎಂಬುದನ್ನೂ ಮುಚ್ಚಿಡಲಿಲ್ಲ. ಇಷ್ಟು ಮಾಡಿದವರು ಬೇರೆಯವರೂ ಇದ್ದಿರಬಹುದು. ಆದರೆ ಅವರು ಇನ್ನೂ ಒಂದು ಕೆಲಸ ಮಾಡಿದರು. ಅವರ ಮೊದಲ ಪತ್ರ ಅಚ್ಚಾದ ಮೇಲೆ ಅವರನ್ನು ತರಾಟೆಗೆ ತೆಗೆದುಕೊಂಡು ಊರೂರುಗಳಿಂದ ಜನ ಬರೆದಿದ್ದರಲ್ಲ, ಅವರೆಲ್ಲರಿಗೂ ಉತ್ತರ ಬರೆಯುವುದೇ ತನಗೆ ಪ್ರಾಯಶ್ಚಿತ್ತ ಎಂದು ತೀರ್ಮಾನಿಸಿದರು.

ಈ ಪ್ರಾಯಶ್ಚಿತ್ತ ನನಗೆ ಬಹಳ ಹಿಡಿಸಿದ ಮಾತು. ಸಂಭವನೀಯತೆಯ ಲೆಕ್ಕದಲ್ಲಿ ಎಡವುವುದು ಅಪರಾಧವಲ್ಲ. ಅದಕ್ಕೆ ಕ್ಷಮೆ ಕೇಳಬೇಕಾದ್ದೂ ಇಲ್ಲ, ತಿದ್ದಿಕೊಂಡರೆ ಸಾಕು. ಆದರೆ ಎದುರಿಗಿರುವವರು ಅಜ್ಞಾನಿ, ತಪ್ಪೊಪ್ಪಿಕೊಳ್ಳಲಿ ಎಂದು ನಾಲ್ಕು ಜನರ ಮುಂದೆ ಬರೆದದ್ದು ಲೆಕ್ಕದ ತಪ್ಪಲ್ಲ, ನಡತೆಯದು. ಅದನ್ನು ತೊಳೆದುಕೊಳ್ಳಲು ನಾಲ್ಕು ಜನರ ಮುಂದೆಯೇ ಬರಬೇಕು, ಸ್ವಲ್ಪ ಮೈ ಬಗ್ಗಿಸಿ ದುಡಿಯಲೂ ಬೇಕು. ಪ್ರಾಧ್ಯಾಪಕರಿಗೆ ಈ ವ್ಯತ್ಯಾಸ ಗೊತ್ತಿತ್ತು. ಉಳಿದ ಬಹುಪಾಲು ಬೈಗುಳದವರು ಏನು ಮಾಡಿದರು? ನೂರಾರು ಹೆಸರುಗಳು ಎರಡನೆಯ ಸಲ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಆ ತಂದೆಗೆ ಇಷ್ಟನ್ನು ಹೇಳಿದ ಮೇಲೆ ಅವರು, 'ಆ ಪ್ರೊಫೆಸರ್ ಕೆಲಸ ಹೋಯ್ತಾ ಸಾರ್?' ಎಂದು ಕೇಳಿದರು. ಇಲ್ಲ, ಪ್ರೊಫೆಸರಾಗಿಯೇ ಇದ್ದರು ಎಂದೆ. ಹುಡುಗ ಸೋಮವಾರ ತಾನಾಗಿಯೇ ಬೋರ್ಡಿನ ಹತ್ತಿರ ಬಂದ. ಮೂರು ಸಂದರ್ಭಗಳ ಪಟ್ಟಿ ಬರೆದು, ಹುಡುಗಿಯ ಹೆಸರು ಹೇಳಿ, 'ಅವಳು ಹೇಳಿದ್ದು ಸರಿ ಇತ್ತು, ನಾನು ಹಾಗೆ ಅನ್ನಬಾರದಿತ್ತು' ಎಂದು ಕುಳಿತ. ಯಾರೂ ನಗಲಿಲ್ಲ. ಆಕೆ ಕೈ ಎತ್ತಲು ಮತ್ತೂ ಒಂದು ತಿಂಗಳು ಹಿಡಿಯಿತು ಎಂಬುದನ್ನೂ ಹೇಳಬೇಕು.

ಬೈದವರ ಕಡೆಗೂ ಒಂದು ಮಾತು

ಟೀಕಾಕಾರರ ಪಾಲಿಗೆ ಸಲ್ಲಬೇಕಾದ್ದು ಒಂದಿದೆ. ಅದೇ ವರದಿಗಾಗಿ ಪತ್ರಕರ್ತರು ಮಾಂಟಿ ಹಾಲ್ ಅವರ ಮನೆಗೇ ಹೋಗಿ, ಅವರೊಡನೆ ಆಟವನ್ನು ಆಡಿ ನೋಡಿದ್ದರು. ಎಷ್ಟೋ ವರ್ಷ ಆ ಕಾರ್ಯಕ್ರಮ ನಡೆಸಿದ ಮನುಷ್ಯ ಒಗಟಿನ ಜೀವಾಳವನ್ನು ಕ್ಷಣದಲ್ಲಿ ಹಿಡಿದರು. ನಡೆಸುವವನು ಪ್ರತಿಸಲವೂ ಬಾಗಿಲು ತೆರೆದು ಬದಲಾವಣೆಯ ಅವಕಾಶ ಕೊಡಲೇಬೇಕು ಎಂಬ ನಿಯಮವಿದ್ದರೆ ಮಾತ್ರ ಮ್ಯಾರಿಲಿನ್ ಉತ್ತರ ನಿಲ್ಲುತ್ತದೆ. ಅವನು ಕಿಲಾಡಿಯಾಗಿದ್ದು, ನೀವು ಸರಿಯಾದ ಬಾಗಿಲನ್ನೇ ಹಿಡಿದಾಗ ಮಾತ್ರ ಆಸೆ ತೋರಿಸುವವನಾದರೆ? ಬದಲಾಯಿಸಿದವರಿಗೆ ಪ್ರತಿಸಲವೂ ಮೇಕೆಯೇ ಗತಿ. ಪತ್ರಿಕೆಯಲ್ಲಿ ಅಚ್ಚಾದ ಪ್ರಶ್ನೆ ಈ ನಿಯಮವನ್ನು ಬಿಡಿಸಿ ಹೇಳಿರಲಿಲ್ಲ.

ಹಾಗಾದರೆ ಬೈದವರು ಸರಿಯೆ? ಅಲ್ಲ. ಅವರಲ್ಲಿ ಹೆಚ್ಚಿನವರು ಎತ್ತಿದ ತಕರಾರು ಇದಾಗಿರಲಿಲ್ಲ. ನಿಯಮವನ್ನು ಮ್ಯಾರಿಲಿನ್ ಅಂದುಕೊಂಡಂತೆಯೇ ಅಂದುಕೊಂಡು, ಆಮೇಲೆ ಅರ್ಧಕ್ಕರ್ಧ ಎಂದು ಹಟ ಹಿಡಿದಿದ್ದರು. ಆಮೇಲೆ ಹೊಳೆದ ನೆಪವನ್ನು ಮೊದಲೇ ಇತ್ತು ಎನ್ನುವುದು ನಾವೆಲ್ಲ ಬಲ್ಲ ಹಳೆಯ ಉಪಾಯ. ಪರೀಕ್ಷೆಯ ಉತ್ತರ ಪತ್ರಿಕೆ ಹಂಚಿದ ದಿನ ಪ್ರತಿ ತರಗತಿಯಲ್ಲೂ ಇದನ್ನು ನೋಡಬಹುದು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಹಂಗೆರಿಯ ಪಾಲ್ ಏರ್ಡಿಶ್ ಇಪ್ಪತ್ತನೆಯ ಶತಮಾನದ ಮಹಾನ್ ಗಣಿತಜ್ಞರಲ್ಲಿ ಒಬ್ಬರು. ಸುಮಾರು 1500 ಸಂಶೋಧನಾ ಲೇಖನಗಳನ್ನು ಬರೆದವರು. 1995ರಲ್ಲಿ ಅವರ ಹಳೆಯ ಗೆಳೆಯ ಆಂಡ್ರ್ಯೂ ವಾಜೋನಿ ಈ ಒಗಟನ್ನು ಮುಂದಿಟ್ಟಾಗ ಏರ್ಡಿಶ್ ಕೂಡ ವ್ಯತ್ಯಾಸವೇನೂ ಇಲ್ಲ ಎಂದರು. ಗೆಳೆಯ ಲೆಕ್ಕ ತೋರಿಸಿದರೂ ಒಪ್ಪಲಿಲ್ಲ. ಕಂಪ್ಯೂಟರಿನಲ್ಲಿ ಆಡಿಸಿ ತೋರಿಸಿದ ಮೇಲೆ ಒಲ್ಲದ ಮನಸ್ಸಿನಿಂದ ಒಪ್ಪಿದರು. ಫಲಿತಾಂಶ ಗೊತ್ತಾಯಿತು, ಕಾರಣ ತಿಳಿಯಲಿಲ್ಲವಲ್ಲ ಎಂಬ ಅಸಮಾಧಾನ ಮಾತ್ರ ಉಳಿಯಿತು. ಏರ್ಡಿಶ್ ಸಿಟ್ಟಾದದ್ದು ನಿಜ. ಆದರೆ ಆ ಸಿಟ್ಟು ಒಗಟಿನ ಮೇಲಿತ್ತು. ಗೆಳೆಯನನ್ನಾಗಲಿ, ಮ್ಯಾರಿಲಿನ್ ಅವರನ್ನಾಗಲಿ ಮೇಕೆ ಎನ್ನಲಿಲ್ಲ. ಹೀಗಾಗಿ ಯಾರ ಕ್ಷಮೆಯನ್ನೂ ಕೇಳಬೇಕಾಗಿ ಬರಲಿಲ್ಲ.

ಈ ಸಲ ಮ್ಯಾರಿಲಿನ್ ಸರದಿ

ಕಥೆ ಇಲ್ಲಿಗೆ ಮುಗಿದಿದ್ದರೆ ಮ್ಯಾರಿಲಿನ್ ನಾಯಕಿ, ಪ್ರಾಧ್ಯಾಪಕರೆಲ್ಲ ಖಳನಾಯಕರು ಎನ್ನಬಹುದಿತ್ತು. ಆದರೆ ಮೂರೇ ವರ್ಷಗಳಲ್ಲಿ ಚಕ್ರ ತಿರುಗಿತು. ಈ ಸಲ ವಿವಾದ ಎಬ್ಬಿಸಿದವರು ಅವರೇ.

3ರ ವರ್ಗಕ್ಕೆ 4ರ ವರ್ಗ ಕೂಡಿಸಿದರೆ 5ರ ವರ್ಗ. ಇಂಥ ಪೂರ್ಣಸಂಖ್ಯೆಗಳು ಬೇಕಾದಷ್ಟಿವೆ. ವರ್ಗದ ಬದಲು ಘನವಾದರೆ ಅಥವಾ ಅದಕ್ಕಿಂತ ಮೇಲಿನ ಯಾವುದೇ ಘಾತವಾದರೆ ಒಂದು ಜೋಡಿಯೂ ಸಿಗುವುದಿಲ್ಲ ಎಂದು 1637ರ ಸುಮಾರಿಗೆ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞ ಪುಸ್ತಕವೊಂದರ ಅಂಚಿನಲ್ಲಿ ಗೀಚಿಟ್ಟ. ಸಾಧನೆಯನ್ನು ಬರೆಯಲಿಲ್ಲ. ಮೂರೂವರೆ ಶತಮಾನ ಅದು ಯಾರ ಕೈಗೂ ಸಿಗಲಿಲ್ಲ. 1993ರ ಜೂನ್ 23ರಂದು ಕೇಂಬ್ರಿಜ್‌ನಲ್ಲಿ ಆಂಡ್ರ್ಯೂ ವೈಲ್ಸ್ ಅದನ್ನು ಸಾಧಿಸಿರುವುದಾಗಿ ಪ್ರಕಟಿಸಿದರು. ಕೆಲವೇ ತಿಂಗಳಲ್ಲಿ ಮ್ಯಾರಿಲಿನ್ ಈ ವಿಷಯವಾಗಿ ಒಂದು ಸಣ್ಣ ಪುಸ್ತಕ ಹೊರತಂದು, ವೈಲ್ಸ್ ಸಾಧನೆಯನ್ನು ಒಪ್ಪಲಾಗದು ಎಂದು ವಾದಿಸಿದರು.

ಅವರ ವಾದ ಹೀಗಿತ್ತು. ಅಳತೆಪಟ್ಟಿ, ಕೈವಾರಗಳಿಂದ ವೃತ್ತಕ್ಕೆ ಸಮನಾದ ಕ್ಷೇತ್ರಫಲದ ಚೌಕ ರಚಿಸುವುದು ಅಸಾಧ್ಯ ಎಂದು ಎಲ್ಲರೂ ಒಪ್ಪುತ್ತಾರೆ. ಅತಿಪರವಲಯ ಜ್ಯಾಮಿತಿ ಎಂಬ ಬೇರೆ ಬಗೆಯ ಜ್ಯಾಮಿತಿಯಲ್ಲಿ ಅದು ಸಾಧ್ಯವಾದರೂ ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ವೈಲ್ಸ್ ಸಾಧನೆಯೂ ಆ ಜ್ಯಾಮಿತಿಯನ್ನು ಬಳಸಿಕೊಂಡಿದೆ, ಆದ್ದರಿಂದ ಅದನ್ನೂ ಒಪ್ಪಬಾರದು.

ಕೇಳಲು ಚೆನ್ನಾಗಿದೆ. ಆದರೆ ಪೊಳ್ಳು. ಕಬಡ್ಡಿ ಅಂಕಣದ ಗೆರೆಯನ್ನೇ ಹಿಂದೆ ಸರಿಸಿ ಗೆದ್ದೆ ಎಂದರೆ ಯಾರೂ ಒಪ್ಪರು. ವೃತ್ತದ ವಿಷಯದಲ್ಲಿ ಆಗುವುದು ಅದು. ಜ್ಯಾಮಿತಿ ಬದಲಾದರೆ ಪ್ರಶ್ನೆಯೇ ಬದಲಾಗುತ್ತದೆ. ಆದರೆ ಬೇರೆ ಊರಿನಲ್ಲಿ ಕಲಿತ ಹೊಸ ಪಟ್ಟನ್ನು ಅದೇ ಅಂಕಣದಲ್ಲಿ ಹಾಕಿ ಗೆದ್ದರೆ ತಕರಾರೇನು? ಫರ್ಮಾನ ಮಾತು ಪೂರ್ಣಸಂಖ್ಯೆಗಳ ಬಗ್ಗೆ. ವೈಲ್ಸ್ ಅದನ್ನು ಮುಟ್ಟಲಿಲ್ಲ, ಸಾಧಿಸುವ ದಾರಿಯಲ್ಲಿ ಒಂದು ಹೊಸ ಉಪಕರಣ ಬಳಸಿದರು, ಅಷ್ಟೆ. ಗಣಿತಜ್ಞರು ಈ ಪುಸ್ತಕವನ್ನು ಕಟುವಾಗಿಯೇ ಟೀಕಿಸಿದರು. ಈ ಸಲ ಟೀಕೆ ಮಾಡಿದವರೇ ಸರಿ.

ತಮಾಷೆಯೆಂದರೆ ವೈಲ್ಸ್ ಸಾಧನೆಯಲ್ಲಿ ಆಗ ನಿಜಕ್ಕೂ ಒಂದು ಬಿರುಕಿತ್ತು. ಅದು ಮ್ಯಾರಿಲಿನ್ ತೋರಿಸಿದ ಜಾಗದಲ್ಲಿ ಇರಲಿಲ್ಲ. 1993ರ ಡಿಸೆಂಬರ್ 4ರಂದು ಸ್ವತಃ ವೈಲ್ಸ್ ಸಹೋದ್ಯೋಗಿಗಳಿಗೆ ಬರೆದು ಒಂದು ಭಾಗ ಇನ್ನೂ ಪೂರ್ಣವಾಗಿಲ್ಲ ಎಂದು ತಿಳಿಸಿದರು. 1994ರ ಸೆಪ್ಟೆಂಬರಿನಲ್ಲಿ, ತಮ್ಮ ಹಳೆಯ ವಿದ್ಯಾರ್ಥಿ ರಿಚರ್ಡ್ ಟೇಲರ್ ಜೊತೆಗೂಡಿ ದುಡಿಯುತ್ತಿದ್ದಾಗ, ಆ ಬಿರುಕು ಮುಚ್ಚಿತು. 1995ರಲ್ಲಿ ಎಲ್ಲವೂ ಅಚ್ಚಾಯಿತು.

ಆ ವರ್ಷದ ಜುಲೈನಲ್ಲಿ ಮ್ಯಾರಿಲಿನ್ ಒಂದು ಅನುಬಂಧ ಬರೆದು ತಮ್ಮ ವಾದವನ್ನು ಹಿಂತೆಗೆದುಕೊಂಡರು. ಹತ್ತು ಸಾವಿರ ಪತ್ರಕ್ಕೂ ಜಗ್ಗದ ವ್ಯಕ್ತಿ ಹಿಂದೆ ಸರಿದದ್ದು ದೊಡ್ಡ ಸಂಗತಿಯೇ. ಆದರೆ ಅದರ ಜೊತೆಗೆ ಅವರು ಇನ್ನೊಂದು ಮಾತನ್ನೂ ಸೇರಿಸಿದರು. ಫರ್ಮಾನ ಕಾಲದ ಉಪಕರಣಗಳಿಂದಲೇ ಸಾಧನೆ ಹುಡುಕುವುದು ಒಂದು ಬೌದ್ಧಿಕ ಸವಾಲು, ಈ ಪ್ರಮೇಯವನ್ನು ತಾನು ನೋಡುವುದು ಹಾಗೆ ಎಂದರು. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಮೊದಲು ಅವರು ಹೇಳಿದ್ದು ಅದಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಅರ್ಧ ಹಿಂತೆಗೆತ. ಬಾಗಿಲು ತೆರೆದು ಹೊರಬಂದರು, ಆದರೆ ಪಕ್ಕದ ಬಾಗಿಲಿನಿಂದ. ಮೂರು ಬಾಗಿಲಿನ ಪ್ರಕರಣದಲ್ಲಿ 'ಪ್ರಶ್ನೆಯಲ್ಲಿ ನಿಯಮ ಸ್ಪಷ್ಟವಿರಲಿಲ್ಲ' ಎಂದು ಜಾರಿಕೊಂಡವರಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಅಟ್ಲಾಂಟಾದ ಚಪ್ಪಾಳೆ

ಪಕ್ಕದ ಬಾಗಿಲು ಹುಡುಕದೆ ನೇರವಾಗಿ ಬಂದವರಿಲ್ಲವೆ? ಇದ್ದಾರೆ. ಅದೂ ಅದೇ ವರ್ಷಗಳಲ್ಲಿ. ನಾನು ವಿಜ್ಞಾನದ ಮೇಷ್ಟ್ರಾದ್ದರಿಂದ ಇದನ್ನು ಹೇಳದೆ ಬಿಡಲಾರೆ.

1991ರ ಜುಲೈನಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದ ಆಂಡ್ರ್ಯೂ ಲೈನ್ ಮತ್ತು ಇಬ್ಬರು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಒಂದು ಸುದ್ದಿ ಪ್ರಕಟಿಸಿದರು. ಪಲ್ಸಾರ್ ಎಂಬ ಬಗೆಯ ಸತ್ತ ನಕ್ಷತ್ರವೊಂದನ್ನು ಆರು ತಿಂಗಳಿಗೊಮ್ಮೆ ಸುತ್ತುವ ಗ್ರಹ ಪತ್ತೆಯಾಗಿದೆ ಎಂಬುದು ಆ ಸುದ್ದಿ. ಸೌರಮಂಡಲದ ಆಚೆ ಗ್ರಹ! ಬರಿಗಣ್ಣಿನಲ್ಲಿ ಆಕಾಶ ನೋಡುವ ಹವ್ಯಾಸಿಯಿಂದ ಹಿಡಿದು ದೊಡ್ಡ ವಿಜ್ಞಾನಿಗಳ ತನಕ ಎಲ್ಲರೂ ಅದನ್ನೇ ಮಾತಾಡಿದರು. ಆರು ತಿಂಗಳು ಎಂದರೆ ನಮ್ಮ ವರ್ಷದ ಸರಿಯಾಗಿ ಅರ್ಧ, ಏನೋ ಅನುಮಾನ ಎಂದು ಕೆಲವರು ಹುಬ್ಬೇರಿಸಿದ್ದೂ ಉಂಟು.

1992ರ ಜನವರಿಯಲ್ಲಿ ಅಟ್ಲಾಂಟಾ ನಗರದಲ್ಲಿ ಅಮೆರಿಕದ ಖಗೋಳ ಸಂಘದ ಸಭೆ. ಲೈನ್ ಅಲ್ಲಿ ತಮ್ಮ ಗ್ರಹದ ಬಗ್ಗೆ ಉಪನ್ಯಾಸ ಮಾಡಬೇಕಿತ್ತು. ಸಭೆಗೆ ಸ್ವಲ್ಪ ಮೊದಲು ಲೆಕ್ಕವನ್ನು ಮತ್ತೆ ನೋಡುವಾಗ ತಪ್ಪು ಹೊರಬಿತ್ತು. ಭೂಮಿ ಸೂರ್ಯನನ್ನು ಸುತ್ತುವ ಹಾದಿ ಪೂರ್ಣ ವೃತ್ತವಲ್ಲ, ಕೊಂಚ ದೀರ್ಘವೃತ್ತ. ಆಕಾಶದಲ್ಲಿ ಪಲ್ಸಾರಿನ ಸ್ಥಾನವನ್ನು ಅವರು ಹಿಡಿದದ್ದರಲ್ಲಿ ಅಲ್ಪ ವ್ಯತ್ಯಾಸವಿತ್ತು. ಇವೆರಡೂ ಸೇರಿ, ಕಳೆಯಬೇಕಾಗಿದ್ದ ಭೂಮಿಯ ಚಲನೆ ಪೂರ್ತಿ ಕಳೆಯದೆ ಉಳಿದು, ಆರು ತಿಂಗಳ ಏರಿಳಿತವಾಗಿ ಕಂಡಿತ್ತು. ಅವರು ನೋಡಿದ ಗ್ರಹ ನಮ್ಮ ಭೂಮಿಯ ನೆರಳೇ!

ಲೈನ್ ಪ್ರಯಾಣ ರದ್ದು ಮಾಡಬಹುದಿತ್ತು. ಪತ್ರಿಕೆಗೆ ಎರಡು ಸಾಲು ಕಳಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ನೂರಾರು ಖಗೋಳ ವಿಜ್ಞಾನಿಗಳ ಎದುರು ನಿಂತು, ಗ್ರಹ ಇಲ್ಲ, ತಪ್ಪು ಇಂಥ ಕಡೆ ಆಗಿದೆ, ಹೀಗೆ ಆಗಿದೆ ಎಂದು ಬಿಡಿಸಿ ಹೇಳಿದರು. ಸಭಾಂಗಣ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಅದೇ ವಾರ 'ನೇಚರ್' ಪತ್ರಿಕೆಯಲ್ಲೂ ಅವರ ಹಿಂತೆಗೆತ ಅಚ್ಚಾಯಿತು. ಅವರ ನಂತರ ಮಾತನಾಡಲು ಎದ್ದವರು ಅಲೆಕ್ಸಾಂಡರ್ ವೋಲ್ಷಾನ್. ಇನ್ನೊಂದು ಪಲ್ಸಾರಿನ ಸುತ್ತ ಎರಡು ಗ್ರಹಗಳನ್ನು ಕಂಡಿದ್ದೇವೆ ಎನ್ನುವುದು ಅವರ ವಿಷಯ. ಪಾಪ, ಎಂಥ ಗಳಿಗೆಯಲ್ಲಿ ವೇದಿಕೆ ಹತ್ತಬೇಕಾಯಿತು! ಆ ಗ್ರಹಗಳ ಲೆಕ್ಕ ಮಾತ್ರ ಮುಂದಿನ ಪರೀಕ್ಷೆಗಳಲ್ಲೆಲ್ಲ ನಿಂತಿತು. ಸೌರಮಂಡಲದ ಆಚೆ ಖಚಿತಪಟ್ಟ ಮೊದಲ ಗ್ರಹಗಳು ಅವೇ.

ಈಗ ಮನೆಯಲ್ಲಿ ಮಾಡಲು ಒಂದು ಕೆಲಸ. ಮೂರು ಲೋಟ, ಒಂದು ಬೀಜ ತೆಗೆದುಕೊಳ್ಳಿ. ಮೇಲಿನ ಆಟವನ್ನು ಅಪ್ಪ, ಅಮ್ಮ, ಮಕ್ಕಳು ಕೂಡಿ ನೂರು ಸಲ ಆಡಿ. ನಂತರ ನಿಯಮವನ್ನು ಒಂದಿಷ್ಟು ಬದಲಾಯಿಸಿ. ಬೀಜ ಎಲ್ಲಿದೆ ಎಂಬುದು ಈಗ ಲೋಟ ಎತ್ತುವವರಿಗೂ ಗೊತ್ತಿಲ್ಲ. ಉಳಿದೆರಡರಲ್ಲಿ ಒಂದನ್ನು ಅವರು ಕಣ್ಣುಮುಚ್ಚಿ ಎತ್ತುತ್ತಾರೆ. ಬೀಜ ಹೊರಬಿದ್ದರೆ ಆ ಆಟ ಲೆಕ್ಕಕ್ಕಿಲ್ಲ, ಬಿಟ್ಟುಬಿಡಿ. ಖಾಲಿ ಲೋಟ ಬಂದ ಆಟಗಳನ್ನು ಮಾತ್ರ ಎಣಿಸಿ. ಈಗಲೂ ಬದಲಾಯಿಸಿದರೆ ಲಾಭವೆ? ಉತ್ತರ ನಾನು ಹೇಳುವುದಿಲ್ಲ. ಊಟದ ಹೊತ್ತಿಗೆ ಮನೆಯಲ್ಲಿ ಎರಡು ಪಕ್ಷವಾಗುವುದಂತೂ ಖಂಡಿತ. ಯಾರು ಯಾರಿಗೆ ಏನೆಂದರು ಎಂಬುದನ್ನೂ ಅದೇ ಹಾಳೆಯ ಹಿಂದೆ ಬರೆದಿಟ್ಟುಕೊಳ್ಳಿ. ನೂರು ಆಟ ಮುಗಿದ ಮೇಲೆ ಬೇಕಾಗುತ್ತದೆ.